ಕಕ್ಷಿದಾರ ಸುಳ್ಳೇ ಹೇಳ್ಲಿಲ್ಲ

ಸ್ಪಾಯ್ಲರ್ ಇದೆ, ಮೊದ್ಲೇ ಹೇಳ್ಬಿಡ್ತೀನಿ. ಏಸ್ ಅಟಾರ್ನಿ ಅನ್ನೋ ವಿಡಿಯೋ ಗೇಮ್ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಇನ್ನೂ ಆಡಿಲ್ಲ ಅನ್ನೋರು ಇಲ್ಲಿಗೇ ನಿಲ್ಸಿ, ಆಡ್ಕಂಡು ಬನ್ನಿ, ಪೋಸ್ಟ್ ಎಲ್ಲೂ ಹೋಗಲ್ಲ.

ಏಸ್ ಅಟಾರ್ನಿ ಬಗ್ಗೆ ಮಾತು ಬಂದ್ರೆ ಎಲ್ರೂ ಒಂದೋ ಮೊದಲ್ನೇ ಗೇಮ್‌ನ ಗಿಳಿಗೆ ಪಾಟೀ ಸವಾಲು ಹಾಕೋ ಕೇಸ್ ಅಂತಾರೆ, ಇಲ್ಲಾ ಮೂರನೇದ್ರ ಕೊನೇ ಕೇಸ್ ಅಂತಾರೆ. ಎರಡೂ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಕೇಳಿದ್ರೆ ಎರಡನೇ ಗೇಮ್ ಜಸ್ಟಿಸ್ ಫಾರ್ ಆಲ್‌ನ ನಾಲ್ಕನೇ ಕೇಸು, ಫೇರ್‌ವೆಲ್ ಮೈ ಟರ್ನಬೌಟ್, ಅದ್ರ ಹತ್ರಕ್ಕೂ ಯಾವ್ದೂ ಬರಲ್ಲ. ಆ ಗೇಮ್‌ನಲ್ಲಿ ಸರ್ಕಸ್ ಕೇಸ್ ಒಂದಿದೆ, ಅದನ್ನ ಹಲ್ಲು ಕಚ್ಚಿಕೊಂಡು ಮುಗಿಸ್ಬೇಕು, ಹಂಗಾಗಿ ತುಂಬಾ ಜನ ಅರ್ಧಕ್ಕೇ ಬಿಟ್ಟು ಹೋಗಿ ಇದನ್ನ ನೋಡೇ ಇರಲ್ಲ.

ಗೊತ್ತಿಲ್ದೋರಿಗೆ ಎರಡು ಮಾತು. ಕ್ಯಾಪ್‌ಕಾಮ್ ಕಂಪ್ನಿದು, ಶು ತಾಕುಮಿ ಅನ್ನೋರು ಬರೆದಿದ್ದು, ಮೊದಲ್ನೇದು 2001ರಲ್ಲಿ ಜಪಾನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಅನ್ನೋ ಕೈಲಿ ಹಿಡ್ಕೊಂಡು ಆಡೋ ಮೆಷಿನ್‌ಗೆ ಬಂತು, ನಾನು ಹೇಳ್ತಿರೋ ಎರಡನೇದು 2002ರಲ್ಲಿ. ನೀವು ಫೀನಿಕ್ಸ್ ರೈಟ್ ಅನ್ನೋ ಡಿಫೆನ್ಸ್ ಲಾಯರ್. ಸಾಕ್ಷಿ ಹೇಳಿದ್ದನ್ನ ಸಾಲು ಸಾಲಾಗಿ ಕೆದಕಬೇಕು, ಎಲ್ಲಿ ಹೊಂದಲ್ವೋ ಅಲ್ಲಿ ಎವಿಡೆನ್ಸ್ ತೆಗ್ದು ಮುಖಕ್ಕೆ ಹಿಡೀಬೇಕು, ಅಷ್ಟೇ ಆಟ. ಕೇಸು ಮೂರು ದಿನದಲ್ಲಿ ಮುಗೀಬೇಕು ಅನ್ನೋದು ಅಲ್ಲಿನ ರೂಲು. ಇದನ್ನ ನಮ್ಮ ಚಿಕ್ಕಪ್ಪನಿಗೆ ಹೇಳ್ದಾಗ ಕಾಫಿ ನೆತ್ತಿಗೇರಿಸ್ಕೊಂಡ್ರು. ಚಿಕ್ಕಪ್ಪ ಮಂಡ್ಯದಲ್ಲಿ ವಕೀಲ್ರು, ನಮ್ಮ ಅಜ್ಜಿ ಮನೆ ಪಾಲಿನ ದಾವೆ ಅವ್ರೇ ನಡೆಸ್ತಿರೋದು, ನಾನು ಹುಟ್ಟೋಕೆ ಮುಂಚೆ ಹಾಕಿದ್ದು, ಈಗ ಎಫ್‌ಡಿಪಿ, ಅಂದ್ರೆ ಪಾಲು ಹಂಚೋ ಅಂತಿಮ ಡಿಕ್ರಿ ಹಂತ, ಅಂತ ನಿಂತಿದೆ, ಪ್ರತಿ ವಾಯ್ದೆಗೂ ಒಂದೊಂದು ಕಾರಣ.

ಇರ್ಲಿ, ಕೇಸಿಗೆ ಬರ್ತೀನಿ. ಮ್ಯಾಟ್ ಎಂಗಾರ್ಡ್ ಅಂತ ಟಿವಿ ಹೀರೋ, ನಿಕಲ್ ಸಮುರಾಯ್ ಪಾತ್ರ ಮಾಡೋನು, ಮಕ್ಳಿಗೆಲ್ಲ ಅಚ್ಚುಮೆಚ್ಚು. ಅವನ ಎದುರಾಳಿ ನಟ ಹುವಾನ್ ಕೊರಿಡಾ ಕೊಲೆ ಆಗ್ತಾನೆ, ಎಂಗಾರ್ಡ್ ಅರೆಸ್ಟು. ಅದೇ ರಾತ್ರಿ ಫೀನಿಕ್ಸ್‌ನ ಅಸಿಸ್ಟೆಂಟ್ ಮಾಯಾನ ಡಿ ಕಿಲ್ಲರ್ ಅನ್ನೋ ಸುಪಾರಿ ಹಂತಕ ಎತ್ತಾಕ್ಕೊಂಡು ಹೋಗಿ, ಎಂಗಾರ್ಡ್‌ನ ಬಿಡಿಸ್ಕೊಟ್ರೆ ಮಾತ್ರ ಹುಡುಗಿ ಜೀವಂತ ಬರ್ತಾಳೆ ಅಂತಾನೆ. ಸರಿ, ಫೀನಿಕ್ಸ್ ಜೈಲಿಗೆ ಹೋಗಿ ಎಂಗಾರ್ಡ್‌ನ ನೇರ ಕೇಳ್ತಾನೆ, ನೀನೇನಪ್ಪಾ ಕೊಂದಿದ್ದು ಅಂತ. ಈ ಗೇಮ್‌ನಲ್ಲಿ ಮಗತಾಮ ಅಂತ ಹಸಿರು ಕಲ್ಲಿನ ತಾಯ್ತ ಥರದ್ದು ಇರುತ್ತೆ, ಎದುರುಗಡೆಯೋನು ಮನಸಲ್ಲಿ ಏನಾದ್ರೂ ಮುಚ್ಚಿಟ್ರೆ ಅವನ ಸುತ್ತ ಸರಪಳಿ, ಕೆಂಪು ಬೀಗ ಧಡ್ ಧಡ್ ಅಂತ ಬೀಳುತ್ತೆ. ಎಂಗಾರ್ಡ್ ಅಂತಾನೆ, ನಾನು ಯಾರ್ನೂ ಕೊಂದಿಲ್ಲ. ಒಂದು ಬೀಗಾನೂ ಬೀಳಲ್ಲ. ಫೀನಿಕ್ಸ್‌ಗೂ ನಿರಾಳ, ನಮಗೂ ನಿರಾಳ. ಇನ್ನೇನು, ಧೈರ್ಯವಾಗಿ ವಾದ ಮಾಡ್ಬಹುದು ಅಂತ ನಾವು ಕೋರ್ಟಿಗೆ ಹೋಗಿ ಎಂಗಾರ್ಡ್‌ನ ಮ್ಯಾನೇಜರ್ ಏಡ್ರಿಯನ್ ಆಂಡ್ರ್ಯೂಸ್ ಮೇಲೆ ಕೊಲೆ ಹೊರಿಸೋಕೆ ಶುರು ಮಾಡ್ತೀವಿ. ಆಕೆ ಮೊದ್ಲೇ ಮುರಿದು ಹೋಗಿರೋ ಜೀವ. ಸಾಕ್ಷಿಕಟ್ಟೆಲಿ ಆಕೇನ ಒತ್ತೋದು ನೀವೇ, ಬಟನ್ ಒತ್ತೋ ಬೆರಳು ನಿಮ್ದೇ.

ನಾನು ಇದನ್ನ ಆಡಿದ್ದು ಫೋನಲ್ಲಿ, ಸಂಜೆ ಮೈಸೂರಿಂದ ಮಂಡ್ಯಕ್ಕೆ ಬರೋ ಪ್ಯಾಸೆಂಜರ್ ರೈಲಲ್ಲಿ, ಪಾಂಡವಪುರದವರೆಗೂ ನಿಂತ್ಕೊಂಡೇ. ಯಲಿಯೂರು ದಾಟ್ತಿದ್ದಂಗೆ ಆ ಸೀನ್ ಬಂತು. ಅಲ್ಲೀವರೆಗೂ ಪೆದ್ದುಪೆದ್ದಾಗಿ ಮಾತಾಡ್ತಿದ್ದ ಎಂಗಾರ್ಡ್, ಮುಖದ ಅರ್ಧ ಮುಚ್ಚಿದ್ದ ಕೂದಲನ್ನ ಹಿಂದಕ್ಕೆ ಸವರ್ತಾನೆ, ಕೆಳಗೆ ಗೀರಿದ ಗಾಯದ ಕಲೆ. ಕೈಲಿ ಬ್ರಾಂದಿ ಗ್ಲಾಸು, ನಿಧಾನಕ್ಕೆ ತಿರುಗಿಸ್ತಾ ಇದಾನೆ. ಸುಪಾರಿ ಕೊಟ್ಟಿದ್ದು ಅವನೇ! ಅವನು ಕೊಂದಿಲ್ಲ, ಕೊಲ್ಸಿದಾನೆ, ಹಂಗಾಗಿ ಬೀಗ ಬಿದ್ದಿಲ್ಲ. ನಾನು ಬಾಯಿ ಬಿಟ್ಕೊಂಡು ಕೂತಿದ್ದೆ, ಮಂಡ್ಯ ಬಂದು ಹೋಗಿದ್ದೇ ಗೊತ್ತಾಗ್ಲಿಲ್ಲ, ಹನಕೆರೆ ಬಂದಾಗ ಎಚ್ಚರ ಆಗಿ ಇಳಿದೆ. ಅಲ್ಲಿಂದ ಆಟೋ, ದುಡ್ಡು ದಂಡ.

ರಾತ್ರಿ ಊಟಕ್ಕೆ ಮುಂಚೆ ಚಿಕ್ಕಪ್ಪನಿಗೆ ಕಥೆ ಹೇಳ್ದೆ. ಚಿಕ್ಕಪ್ಪ ಪ್ರಾಯದಲ್ಲಿ ಊರ ಹಬ್ಬದ ಕುರುಕ್ಷೇತ್ರ ನಾಟಕದಲ್ಲಿ ಧರ್ಮರಾಯನ ಪಾರ್ಟ್ ಮಾಡ್ದೋರು. "ಅಶ್ವತ್ಥಾಮ ಸತ್ತ ಅಂತ ಜೋರಾಗಿ ಅಂದು, ಆನೆ ಅನ್ನೋದ್ನ ಮೆಲ್ಲಗೆ ಅಂದ ಹಂಗಾಯ್ತು ಕಣ್ಲಾ" ಅಂದ್ರು. "ಕೇಳೋಕೆ ಬರ್ದಿದ್ರೆ ಕಕ್ಷಿದಾರನ್ನ ತಪ್ಪು ಅನ್ಬೇಡ. ನೀನ್ ಕೊಂದ್ಯಾ ಅಂತ ಕೇಳ್ದ, ನಿಂಗೆ ಇದ್ರಲ್ಲಿ ಕೈ ಐತಾ ಅಂತ ಕೇಳ್ಬೇಕಾಗಿತ್ತು." ಆಮೇಲೆ ಕಾನೂನು ಶುರುವಾಯ್ತು. ಆರೋಪಿ ತಪ್ಪು ಮಾಡಿದಾನೆ ಅಂತ ವಕೀಲನಿಗೆ ಅನ್ಸಿದ್ರೂ ಡಿಫೆಂಡ್ ಮಾಡ್ಲೇಬೇಕು ಅಂತ ಬಾರ್ ಕೌನ್ಸಿಲ್ ರೂಲ್ಸೇ ಹೇಳುತ್ತಂತೆ. ಕಕ್ಷಿದಾರ ಹೇಳಿದ್ದನ್ನ ಹೊರಗೆ ಬಿಡಂಗಿಲ್ಲ, ಹಳೇ ಎವಿಡೆನ್ಸ್ ಆಕ್ಟಲ್ಲಿ 126ನೇ ಸೆಕ್ಷನ್, ಈಗ 2024ರ ಜುಲೈಯಿಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 132. "ಆದ್ರೆ ಆ ಹೆಣ್ಮಗು ಇನ್ನೂ ಅವ್ರ ಕೈಲೈತಲ್ಲ, ಹೊಸ್ದಾಗಿ ಅಪರಾಧ ಮಾಡೋಕೆ ವಕೀಲನ್ನ ಬಳಸ್ಕಂಡ್ರೆ ಆ ಗುಟ್ಟಿಗೆ ರಕ್ಷಣೆ ಇಲ್ಲ" ಅಂತ ಒಂದು ಕೊಕ್ಕೆನೂ ಹಾಕಿದ್ರು. ಗೇಮ್ ಬರೆದೋರು ಇದನ್ನೆಲ್ಲ ಯೋಚಿಸಿದ್ರೋ ಇಲ್ವೋ, ಆದ್ರೆ ಫೀನಿಕ್ಸ್ ಒದ್ದಾಡೋದು ಕರೆಕ್ಟಾಗಿ ಇಲ್ಲೇ.

ಕೊನೇಲಿ ಅವನು ಗೆಲ್ಲೋ ರೀತಿ ಇದೆಯಲ್ಲ, ಅದೇ ನನಗೆ ಹುಚ್ಚು ಹಿಡಿಸಿದ್ದು. ಡಿ ಕಿಲ್ಲರ್‌ಗೆ ದುಡ್ಡಿಗಿಂತ ಕಕ್ಷಿದಾರನ ಮೇಲಿನ ನಂಬಿಕೆ ದೊಡ್ಡದು. ಎಂಗಾರ್ಡ್ ಮುಂದೊಂದು ದಿನ ಬ್ಲ್ಯಾಕ್‌ಮೇಲ್‌ಗೆ ಆಗ್ಲಿ ಅಂತ ಆ ಕೊಲೇನ ಕದ್ದು ವಿಡಿಯೋ ಮಾಡ್ಕೊಂಡಿರ್ತಾನೆ. ಫೀನಿಕ್ಸ್ ಕೋರ್ಟಲ್ಲೇ, ರೇಡಿಯೋದಲ್ಲಿ ಸಾಕ್ಷಿ ಹೇಳ್ತಿರೋ ಹಂತಕನಿಗೆ ಆ ಟೇಪಿನ ವಿಷ್ಯ ಬಿಡ್ತಾನೆ. ಮುಗೀತು, ಡಿ ಕಿಲ್ಲರ್‌ನ ಮುಂದಿನ ಬೇಟೆ ಎಂಗಾರ್ಡೇ. ಬಿಡುಗಡೆ ಆದ್ರೆ ಹೊರಗೆ ಸಾವು, ಶಿಕ್ಷೆ ಆದ್ರೆ ಒಳಗೆ ಜೀವ. ನಾನೇ ಅಪರಾಧಿ, ಗಿಲ್ಟಿ ಕೊಡಿ ಅಂತ ಆರೋಪಿನೇ ಅಂಗಲಾಚೋ ಕೇಸು ಇನ್ನೆಲ್ಲಿ ನೋಡ್ತೀರಾ. (ಇಲ್ಲಿ ತಪ್ಪು ಎವಿಡೆನ್ಸ್ ತೋರಿಸಿದ್ರೆ ಕೆಟ್ಟ ಎಂಡಿಂಗ್ ಬರುತ್ತೆ, ಹಳೇ ನಿಂಟೆಂಡೊ ಡಿಎಸ್ ಮೆಷಿನ್‌ನ ವರ್ಷನ್‌ನಲ್ಲಿ ಅದ್ರ ಕೊನೇ ಇಂಗ್ಲಿಷ್ ಸಾಲಲ್ಲೇ ವ್ಯಾಕರಣ ತಪ್ಪು, ಅಳೋ ಹೊತ್ತಲ್ಲಿ ನಗು ಬರುತ್ತೆ.)

ಒಂದೇ ತಕರಾರು. ಟೇಪು ಕೈಗೆ ಬರೋಕೆ ಸ್ವಲ್ಪ ಮುಂಚೆ ಜಡ್ಜ್ ಕೇಳ್ತಾರೆ, ನಿಮ್ಮ ಕಕ್ಷಿದಾರ ಗಿಲ್ಟಿನಾ, ನಾಟ್ ಗಿಲ್ಟಿನಾ. ಸ್ಕ್ರೀನಲ್ಲಿ ಎರಡೇ ಬಟನ್. ಯಾವ್ದು ಒತ್ತಿದ್ರೂ ಬಾಗಿಲು ತೆಕ್ಕೊಂಡು ಫ್ರಾನ್ಸಿಸ್ಕಾ ಅನ್ನೋ ಪ್ರಾಸಿಕ್ಯೂಟರ್ ಎವಿಡೆನ್ಸ್ ತರ್ತಾಳೆ, ಕಥೆ ಒಂದೇ. ಇಷ್ಟು ಕಾಡಿಸಿ ಕೊನೇಲಿ ಆಯ್ಕೆಗೆ ಬೆಲೆನೇ ಇಲ್ಲ ಅಂದ್ರೆ ಅದು ಮೋಸ ಅಲ್ವಾ? ಆದ್ರೆ ಒತ್ತೋವಾಗ ಅದು ನಮಗೆ ಗೊತ್ತಿರಲ್ಲ ನೋಡಿ. ನಾನು ಹತ್ತು ನಿಮಿಷ ಫೋನ್ ಹಿಡ್ಕೊಂಡು ಕೂತಿದ್ದೆ. ಮಾಯಾ ಮುಖ ನೆನಪಾಗುತ್ತೆ, ಏಡ್ರಿಯನ್ ನೆನಪಾಗ್ತಾಳೆ.

ಒಳಗಿಂದ ಚಿಕ್ಕಮ್ಮ ಮುದ್ದೆ ಆರೋಯ್ತದೆ ಅಂತ ಮೂರನೇ ಸಲ ಕೂಗಿದ್ರು. ಚಿಕ್ಕಪ್ಪ ನನ್ನ ಕೈಯಿಂದ ಫೋನ್ ಕಿತ್ಕೊಂಡು, ಕನ್ನಡಕ ಮೇಲಕ್ಕೆ ಮಾಡಿ ಓದಿ, "ವಕಾಲತ್ತು ಹಾಕಿದ್ದೀಯಲ್ಲಾ" ಅಂದು ನಾಟ್ ಗಿಲ್ಟಿ ಒತ್ತಿ, ಕೈ ತೊಳ್ಯೋಕೆ ಹೋದ್ರು.