ಮೊದಲು ಬಿಚ್ಚಿ ನೋಡ್ರೋ ಮಾರಾಯ!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಟಿವಿ ಕೆಟ್ಟಿದ್ದಕ್ಕಲ್ಲ, ಅದನ್ನು ರಿಪೇರಿ ಮಾಡೋಕೆ ಬಂದ ಹುಡುಗನಿಂದ.

ಮೂರು ದಿನದಿಂದ ನಮ್ಮ ಎಲ್‌ಇಡಿ ಟಿವಿಯಲ್ಲಿ ಮಾತು ಕೇಳುತ್ತೆ, ಚಿತ್ರ ಇಲ್ಲ. ನಿನ್ನೆ ರಾತ್ರಿ ಲೈಟ್ ಆರಿಸಿ ಪರದೆಗೆ ಮೊಬೈಲ್ ಟಾರ್ಚ್ ಹಿಡಿದೆ. ಸುದ್ದಿ ಓದುವವಳು ಮಸುಕಾಗಿ ಕಾಣಿಸಿದಳು. ಅಂದ್ರೆ ಚಿತ್ರ ಮೂಡಿಸೋ ಪ್ಯಾನೆಲ್ ಚೆನ್ನಾಗಿದೆ. ಅದಕ್ಕೆ ಹಿಂದಿನಿಂದ ಬೆಳಕು ಕೊಡೋ ಬ್ಯಾಕ್‌ಲೈಟ್ ಪಟ್ಟಿಯೋ, ಅದಕ್ಕೆ ಕರೆಂಟ್ ಕೊಡೋ ಬೋರ್ಡೋ ಹೋಗಿದೆ, ಅಷ್ಟೇ. ಹುಡುಗನಿಗೂ ತೋರಿಸಹೋದೆ. ನೋಡಲೇ ಇಲ್ಲ. "ಪ್ಯಾನೆಲ್ ಹೋಗೈತ್ರಿ ಸರ್, ಹೊಸಾದು ತಗೊಂಡ್ಬಿಡ್ರಿ" ಅಂದ. ಬ್ಯಾಗಿನಿಂದ ಸ್ಕ್ರೂಡ್ರೈವರ್ ಹೊರಗೇ ಬರಲಿಲ್ಲ. ವಿಸಿಟಿಂಗ್ ಚಾರ್ಜಿಗೆ ಕ್ಯೂಆರ್ ಕೋಡ್ ಮಾತ್ರ ಥಟ್ಟನೆ ಬಂತು!

ನಮ್ಮ ಹುಬ್ಬಳ್ಳಿಯ ದುರ್ಗದಬೈಲ್ ಗಲ್ಲಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಕಾಕಾ ನೆನಪಾದರು. ಮಂಚದಷ್ಟು ಅಗಲದ ಅಂಗಡಿ. ಮರ್ಫಿ, ಬುಷ್, ಫಿಲಿಪ್ಸ್ ರೇಡಿಯೋಗಳೆಲ್ಲ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದವು. ಒಳಗೆ ಕಾಲಿಟ್ಟರೆ ಬೆಸುಗೆಯ ರಾಳದ ಹೊಗೆ. ಒಮ್ಮೆ ಅಪ್ಪನ ರೇಡಿಯೋದಲ್ಲಿ ಸ್ಟೇಷನ್ ಮುಳ್ಳನ್ನು ಓಡಿಸೋ ಡಯಲ್ ದಾರ ಹರಿದಿತ್ತು. ಕಾಕಾ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ರಾಟೆಗಳಿಗೆ ಸುತ್ತುತ್ತಾ ಹೋದರು. ಉಲ್ಟಾ ಸುತ್ತಿದರೆ ಮುಗೀತು, ಗುಂಡಿ ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಓಡುತ್ತೆ. ಕೊನೆಗೆ ಮುಳ್ಳನ್ನು 765 ಕಿಲೋಹರ್ಟ್ಜ್ ಹತ್ತಿರ ತಂದು ನಿಲ್ಲಿಸಿದರು. ಧಾರವಾಡ ಆಕಾಶವಾಣಿ ಸ್ವಚ್ಛ ಕೇಳಿದರೆ ಮಾತ್ರ ರಿಪೇರಿ ಆಯ್ತು ಅಂತ ಅರ್ಥ. 1950ರಲ್ಲಿ ಶುರುವಾದ ಆ ಸ್ಟೇಷನ್ನೇ ಅವರ ಟೆಸ್ಟಿಂಗ್ ಮಷೀನು.

ಆಗಿನ ಡಬ್ಬಾ ಟಿವಿ ಪರದೆ ಮೇಲೆ ಅಡ್ಡಕ್ಕೆ ಒಂದೇ ಬಿಳಿ ಗೆರೆ ಉಳಿದರೆ "ಚಿತ್ರಾನ ಮ್ಯಾಲೆ-ಕೆಳಗ ಹರಡೋ ವರ್ಟಿಕಲ್ ಸರ್ಕ್ಯೂಟ್ ಹೋಗೈತಿ. ಬ್ರೈಟ್‌ನೆಸ್ ಇಳಸ್ರಿ, ಇಲ್ಲಂದ್ರ ಟ್ಯೂಬ್ ಸುಡತೈತಿ" ಅನ್ನುತ್ತಿದ್ದರು. ಆಮೇಲೂ ಬಿಚ್ಚಿಯೇ ನೋಡುತ್ತಿದ್ದರು. ಬಿಚ್ಚುತ್ತಿದ್ದರು ಸ್ವಾಮಿ!

"ಅವರೇನು ಸಾಚಾನಾ, ತಿಂಗಳುಗಟ್ಟಲೆ ಅಲೆದಾಡಿಸ್ತಿರಲಿಲ್ವಾ?" ಅಂತ ನಮ್ಮ ತಮ್ಮ ಶುರು ಮಾಡಿದ. ನಿಜ. ಕಾಕಾನ "ನಾಳೆ ಬರ್ರಿ" ಅನ್ನೋ ಮಾತಿಗೆ ಕ್ಯಾಲೆಂಡರಿನಲ್ಲಿ ಜಾಗವೇ ಇರಲಿಲ್ಲ. 1996ರಲ್ಲಿ ಬೆಂಗಳೂರಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದ ದಿನ ನಮ್ಮ ಟಿವಿ ಅವರ ಅಂಗಡಿಯಲ್ಲೇ ಬಿದ್ದಿತ್ತು. ನಾವು ಅಲ್ಲೇ ನಿಂತು ಮ್ಯಾಚ್ ನೋಡಿದೆವು, ರಿಪೇರಿಯಾಗಿದ್ದ ಯಾರದ್ದೋ ಟಿವಿಯಲ್ಲಿ. ಆದ್ರೂ ಆ ಸಿಟ್ಟು ಬೇರೆ, ಇದು ಬೇರೆ. ಅಲ್ಲಿ ಕೆಲಸ ತಡ ಆಗ್ತಿತ್ತು. ಇಲ್ಲಿ ಕೆಲಸಕ್ಕೆ ಕೈಯನ್ನೇ ಹಾಕಲ್ಲ.

ಜಾಸ್ತಿ ಹಾರಾಡೋಕೆ ನನಗೂ ಮುಖವಿಲ್ಲ ಬಿಡಿ. ಮೊದಲ ಫ್ಲಾಟ್ ಟಿವಿ ಕಂತಿನ ಮೇಲೆ ತಂದಾಗ, ಚೆನ್ನಾಗೇ ಓಡುತ್ತಿದ್ದ ಹಳೇ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಿದವನು ನಾನೇ. ಆಮೇಲೆ ಎಷ್ಟೋ ದಿನ ಕಾಕಾನ ಅಂಗಡಿ ಮುಂದೆ ಫೋನ್ ನೋಡ್ತಾ ದಾಟಿದ್ದೇನೆ. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ.

ಇರಲಿ. ದಾಜಿಬಾನ ಪೇಟೆ ಕಡೆ ಬ್ಯಾಕ್‌ಲೈಟ್ ಪಟ್ಟಿ ಹಾಕೋರು ಯಾರಾದರೂ ಗೊತ್ತಿದ್ದರೆ ಹೇಳಿ. ತಡ ಆದರೂ ನಡೀತದೆ. ಸ್ಕ್ರೂಡ್ರೈವರ್ ಇರಬೇಕು.