ಬನ್ ಬಗ್ಗೆ ಒಬ್ಬರಾದ್ರೂ ಮಾತಾಡ್ರಪ್ಪಾ

ಚಿಕ್ಕಮ್ಮನ ಮಗಳಿಗೆ ಪ್ರಮೋಷನ್ ಸಿಕ್ಕಿದೆ. ಟ್ರೀಟ್ ಕೊಡುತ್ತಾಳಂತೆ, ಬರ್ಗರೇ ಬೇಕಂತೆ. "ಬೆಂಗಳೂರಲ್ಲಿ ಬೆಸ್ಟ್ ಬರ್ಗರ್ ಎಲ್ಲಿ ಸಿಗುತ್ತೆ ಹೇಳಿ" ಅಂತ ಕೇಳಿದಳು ನೋಡಿ, ಅಲ್ಲಿಗೆ ನಮ್ಮನೆಯವರ ನೆಮ್ಮದಿ ಮುಗಿಯಿತು. ಬಿರಿಯಾನಿ ಅಂದಿದ್ದರೆ ಹತ್ತು ನಿಮಿಷದಲ್ಲಿ ತೀರ್ಮಾನ ಆಗುತ್ತಿತ್ತು. ದೋಸೆ ಅಂದಿದ್ದರೆ ಜಗಳ ಆಗುತ್ತಿತ್ತು, ಆದರೆ ಅದು ತಿಂದು ತಿಳಿದವರ ಜಗಳ. ಹಿಟ್ಟು ಎಷ್ಟು ಹುಳಿ ಬಂದಿದೆ, ಮೇಲೆ ಬೆಣ್ಣೆಯಾ ತುಪ್ಪವಾ, ಒಳಗೆ ಕೆಂಪು ಚಟ್ನಿ ಹಚ್ಚುತ್ತಾರಾ ಇಲ್ಲವಾ ಅಂತ ಗಂಟೆಗಟ್ಟಲೆ ವಾದ ಮಾಡುವ ಜನ ಇವರು. ಬರ್ಗರ್ ಅಂದ ಕೂಡಲೇ ಇದೇ ಜನಕ್ಕೆ ಏನಾಗುತ್ತೋ ಕಾಣೆ. ತಿನ್ನೋ ವಸ್ತು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡುತ್ತಾರೆ.

ಕೋರಮಂಗಲದಲ್ಲಿ ಕೆಲಸ ಮಾಡುವ ತಮ್ಮ ಶುರು ಮಾಡಿದ. "ಟ್ರಫಲ್ಸ್. ಬೇರೆ ಮಾತೇ ಇಲ್ಲ." ಯಾಕೋ ಅಂದರೆ, "ಎಲ್ಲರೂ ಹೇಳ್ತಾರೆ." ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಅದರ ಬಾಗಿಲ ಮುಂದೆ ನಿಂತ ಜನ ನೋಡಿದರೆ ಹೇಳೋರು ಜಾಸ್ತಿನೇ ಇದ್ದಾರೆ, ಒಪ್ಪೋಣ. ಆದರೆ ಕ್ಯೂ ಅನ್ನೋದು ರುಚಿನಾ? ಪಾಸ್‌ಪೋರ್ಟ್ ಆಫೀಸ್ ಮುಂದೆಯೂ ಕ್ಯೂ ಇರುತ್ತೆ. ಅಷ್ಟರಲ್ಲಿ ವೈಟ್‌ಫೀಲ್ಡ್ ಅಣ್ಣ, "ಅದೆಲ್ಲ ಹಳೇದಾಯ್ತು, ಈಗ ಏನಿದ್ರೂ ಸ್ಮ್ಯಾಶ್ ಬರ್ಗರ್" ಅಂದ. ಏನು ಹಾಗಂದ್ರೆ ಅಂತ ಕೇಳಿದೆ. "ಚಪ್ಪಟೆ ಇರುತ್ತೆ." ಮುಗೀತು ವಿವರಣೆ. ಅದರ ಮೇಲೆ ಅವನ ಹೆಂಡತಿ, ನಮ್ಮ ಅತ್ತಿಗೆ, "ಅಲ್ಲಿ ಲೈಟಿಂಗ್ ತುಂಬಾ ಚೆನ್ನಾಗಿದೆ ಕಣೇ, ಫೋಟೋ ಚೆನ್ನಾಗಿ ಬರುತ್ತೆ" ಅಂದರು. ನಾನು ಫೋನ್ ಕೆಳಗಿಟ್ಟು ಪಾತ್ರೆ ತೊಳೆಯೋಕೆ ಹೋದೆ.

ಇನ್ನು ಭಾವ. ಭಾವ ಇಲ್ಲದೆ ಯಾವ ವಾದವೂ ನಮ್ಮಲ್ಲಿ ಪೂರ್ತಿ ಆಗಲ್ಲ. "1995ರಲ್ಲಿ ಬ್ರಿಗೇಡ್ ರೋಡಲ್ಲಿ ಕೆಎಫ್‌ಸಿ ತೆಗೆದಾಗ ನೀವೆಲ್ಲ ಎಲ್ಲಿದ್ರಿ?" ಅಂತ ಅವರ ಮಾತು ಶುರು. ಇಡೀ ದೇಶಕ್ಕೆ ಅದೇ ಮೊದಲನೇ ಕೆಎಫ್‌ಸಿ, ನಿಜ. ಮುಂದಿನ ಜನವರಿಯಲ್ಲೇ ರೈತ ಸಂಘದವರು ಒಳಗೆ ನುಗ್ಗಿ ಪುಡಿ ಮಾಡಿದ್ದೂ ನಿಜ. ಆದರೆ ಭಾವ, ಅದು ಕರಿದ ಕೋಳಿ ಅಂಗಡಿ. ನಾವು ಕೇಳುತ್ತಿರೋದು ಬರ್ಗರ್. ಒಂದು ಮಾತು ಮಾತ್ರ ಹೇಳುತ್ತೇನೆ. ಆವತ್ತು ನಂಜುಂಡಸ್ವಾಮಿಯವರ ಜನ ಬೀದಿಗೆ ಇಳಿದದ್ದಕ್ಕೆ ಬೀಜ, ಬೆಲೆ, ರೈತ ಅಂತ ಒಂದು ವಿಷಯ ಇತ್ತು. ನೀವು ಒಪ್ಪಿ, ಬಿಡಿ. ನಮ್ಮನೆ ಜಗಳದಲ್ಲಿ ಇರೋದು ಪೆರಿ ಪೆರಿ ಮಯೋನೀಸ್ ಮಾತ್ರ.

ಇಷ್ಟೆಲ್ಲ ಕೂಗಾಟದಲ್ಲಿ ಬನ್ ಅನ್ನೋ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೆ ಹೊಟ್ಟೆ ಉರಿಯೋದು ಇಲ್ಲಿ.

ಬೇರೆ ಊರಾಗಿದ್ದರೆ ಸುಮ್ನೆ ಇರುತ್ತಿದ್ದೆ. ಇದು ಬೆಂಗಳೂರು ಕಣ್ರೀ. 1898ರಲ್ಲೇ ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಊರು. ಫ್ರೇಜರ್ ಟೌನ್ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದು. ವಿ.ವಿ. ಪುರಂನ ವಿ.ಬಿ. ಬೇಕರಿ 1953ರಿಂದ ಇದೆ. ಒಂದೊಂದು ಬಡಾವಣೆಯಲ್ಲೂ ಒಂದು ಅಯ್ಯಂಗಾರ್ ಬೇಕರಿ, ಸಂಜೆ ನಾಲ್ಕಕ್ಕೆ ಬಿಸಿ ಖಾರಾ ಬನ್, ಬೆಣ್ಣೆ ಬನ್. ನಮ್ಮಮ್ಮ ಬನ್ ಅನ್ನು ಬೆರಳಲ್ಲಿ ಒಮ್ಮೆ ಒತ್ತಿ "ಇದು ನಿನ್ನೇದು, ಬೇಡ" ಅಂತ ವಾಪಸ್ ಇಟ್ಟುಬಿಡುತ್ತಾರೆ. ಅಂಗಡಿಯವರು ತುಟಿ ಬಿಚ್ಚಲ್ಲ, ಯಾಕೆಂದರೆ ಅದು ನಿನ್ನೇದೇ. ಹತ್ತಿಪ್ಪತ್ತು ರೂಪಾಯಿ ಬನ್ನಿಗೆ ಇಷ್ಟು ಪರೀಕ್ಷೆ ಮಾಡುವವರ ಮಕ್ಕಳು ಐನೂರು ರೂಪಾಯಿ ಬರ್ಗರ್ ಮುಂದೆ ಕೂತು, ಫ್ರಿಡ್ಜಿಂದ ತೆಗೆದ ತಣ್ಣನೆ ಬನ್ನನ್ನು ಮಾತಿಲ್ಲದೆ ನುಂಗಿ ಐದು ಸ್ಟಾರ್ ಕೊಟ್ಟು ಬರುತ್ತಾರೆ!

ಅದಕ್ಕೊಂದು ಹೆಸರು ಬೇರೆ, ಬ್ರಿಯೋಶ್. ಬ್ರಿಯೋಶ್ ಅಂದರೆ ಹಿಟ್ಟಿಗೆ ಬೆಣ್ಣೆ, ಮೊಟ್ಟೆ ಧಾರಾಳವಾಗಿ ಬೀಳಬೇಕು. ಇಲ್ಲಿ ಸಾಕಷ್ಟು ಕಡೆ ಸಿಗೋದು ಸಕ್ಕರೆ ಜಾಸ್ತಿ ಹಾಕಿ, ಮೇಲೆ ಹೊಳಪು ಬಳಿದ ಸಾದಾ ಬನ್. ಹೋಗಲಿ, ಸಾದಾ ಬನ್ನೇ ಇರಲಿ, ನನಗೆ ತಕರಾರಿಲ್ಲ. ಕೊಯ್ದ ಮೈಗೆ ಬೆಣ್ಣೆ ಸವರಿ ಕಾದ ತವಾ ಮೇಲೆ ಕವುಚಿ ಹಾಕಿ, ಕಂದು ಬಣ್ಣಕ್ಕೆ ತಿರುಗುವವರೆಗೆ ಬಿಡಿ. ಒಂದು ನಿಮಿಷದ ಕೆಲಸ. ಆಗ ಆ ಮೈ ಗರಿಗರಿ ಆಗುತ್ತೆ, ಸಾಸು, ಮಾಂಸದ ರಸ ತಕ್ಷಣ ಒಳಗೆ ಇಳಿಯಲ್ಲ, ಕೊನೇ ತುತ್ತಿನವರೆಗೂ ಬನ್ ಕೈಯಲ್ಲಿ ನಿಲ್ಲುತ್ತೆ. ರಸ್ತೆ ಬದಿ ಬನ್ ಆಮ್ಲೆಟ್ ಮಾಡುವ ಹುಡುಗನಿಗೆ ಇದು ಗೊತ್ತು. ಮೆನು ಕಾರ್ಡಿಗೆ ಚರ್ಮದ ಹೊದಿಕೆ ಹಾಕಿಸಿದವರಿಗೆ ಗೊತ್ತಿಲ್ಲ.

ಹಿಂದೊಮ್ಮೆ ಇಂದಿರಾನಗರದ 12ನೇ ಮೇನ್ ಹತ್ತಿರದ ಒಂದು ಜಾಗಕ್ಕೆ ಹೋಗಿದ್ದೆವು. ಹೆಸರು ಬೇಡ. ಬರ್ಗರ್ ಬಂದದ್ದು ಮರದ ಹಲಗೆ ಮೇಲೆ. ತಟ್ಟೆಗೆ ಏನಾಗಿತ್ತೋ ದೇವರೇ ಬಲ್ಲ. ಇದ್ದಿಲ ಪುಡಿ ಬೆರೆಸಿದ ಕಪ್ಪು ಬನ್. ಒಂದು ಗೇಣು ಎತ್ತರ. ನಡುವೆ ನೆಟ್ಟಗೆ ಚುಚ್ಚಿದ ಚಾಕು. ಈರುಳ್ಳಿ ರಿಂಗ್, ಮೊಟ್ಟೆ, ಎರಡು ಪ್ಯಾಟಿ (ಬನ್ ನಡುವೆ ಇಡೋ ಕೈಮಾ ಬಿಲ್ಲೆ), ಅದರ ಮೇಲೆ ಚೀಸ್ ಸುರಿದು ಹಲಗೆಯೆಲ್ಲ ರಾಡಿ. ಇದನ್ನು ಮನುಷ್ಯರ ಬಾಯಿಗೆ ಅಂತ ಮಾಡಿದ್ದಾರಾ? ಎರಡೂ ಕೈಯಲ್ಲಿ ಒತ್ತಿ ಹಿಡಿದೆ, ಪ್ಯಾಟಿ ಹಿಂದಿನಿಂದ ಜಾರಿ ತೊಡೆ ಮೇಲೆ ಬಿತ್ತು. ಕೆಳಗಿನ ಬನ್ ಆಗಲೇ ನೆನೆದು ಅಂಬಲಿ. "ಬನ್ ಸ್ವಲ್ಪ ಬಿಸಿ ಮಾಡಿ ತನ್ನಿಪ್ಪಾ" ಅಂತ ಆ ಹುಡುಗನನ್ನು ಕೇಳಿದರೆ, "ಅದು ಹಾಗೇ ಬರೋದು ಮೇಡಂ" ಅಂದ. ಪಾಪ, ಅವನ ತಪ್ಪಲ್ಲ. ಪಕ್ಕದ ಟೇಬಲಿನವರು ಮಾತ್ರ ಬೀಳೋ ಬರ್ಗರಿನ ವಿಡಿಯೋ ಮಾಡುತ್ತಿದ್ದರು. ಚೀಸ್ ಸುರಿಯೋದೇ ಅವರಿಗೆ ಊಟ.

ಆಮೇಲೆ ಬಿಲ್. ಬರ್ಗರ್ 495. ಅದರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್. ಅದೂ ಸೇರಿಸಿದ ಮೊತ್ತದ ಮೇಲೆ 5 ಪರ್ಸೆಂಟ್ ಜಿಎಸ್‌ಟಿ. 572 ರೂಪಾಯಿ ಆಯಿತು. ಸರ್ವಿಸ್ ಚಾರ್ಜನ್ನು ತಾವಾಗೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಇದನ್ನು ಹೇಳಿದರೆ ಮ್ಯಾನೇಜರ್ ಬಂದು, ಆಚೀಚೆ ಟೇಬಲಿಗೆಲ್ಲ ಕೇಳುವ ಹಾಗೆ, "ಸರ್ವಿಸ್ ಚಾರ್ಜ್ ತೆಗೆಸಬೇಕಾ ಮೇಡಂ?" ಅಂತ ಕೇಳಿದರು. ಹೌದು, ತೆಗೆಸಬೇಕು ಅಂತ ನಾನೂ ಅಷ್ಟೇ ಜೋರಾಗಿ ಹೇಳಿದೆ. ಭಾವ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದರು. ಕೆಎಫ್‌ಸಿ ಮೊದಲ ದಿನ ನೋಡಿದ ಗಂಡಸು!

ಮಾಂಸದ ಕಥೆ ಇನ್ನೊಂದು. "ಜ್ಯೂಸಿ ಪ್ಯಾಟಿ, ಜ್ಯೂಸಿ ಪ್ಯಾಟಿ" ಅಂತ ತಮ್ಮ ಬಡಕೊಳ್ಳುತ್ತಾನಲ್ಲ, ಅದು ಜ್ಯೂಸಿ ಆಗೋದು ಕೊಬ್ಬಿನಿಂದ. ಕೈಮಾದಲ್ಲಿ ಐದರಲ್ಲಿ ಒಂದು ಪಾಲು ಕೊಬ್ಬು ಇರಬೇಕು ಅನ್ನೋದು ಬರ್ಗರ್ ಮಾಡುವವರ ಹಳೇ ಲೆಕ್ಕ. ನಮ್ಮಲ್ಲಿ ಮೆನುವಿನಲ್ಲಿ ಬೀಫ್ ಅಂತ ಇದ್ದರೆ ಅದು ಎಮ್ಮೆ ಅಥವಾ ಕೋಣದ್ದೇ ಆಗಿರಬೇಕು. ನಮ್ಮ ರಾಜ್ಯದ 2020ರ ಗೋಹತ್ಯೆ ತಡೆ ಕಾಯ್ದೆ ಪ್ರಕಾರ ಅದೂ 13 ವರ್ಷ ದಾಟಿರಬೇಕು. ವಯಸ್ಸಾದ ಎಮ್ಮೆ ಮಾಂಸ ಗಟ್ಟಿ, ಒಳಗೆ ಕೊಬ್ಬು ಕಮ್ಮಿ. ಬೇರೆ ಕೊಬ್ಬು ಸೇರಿಸಿ ಅರೆಯದಿದ್ದರೆ ಒಣಗಿ ರಬ್ಬರ್ ಆಗೋದು ಗ್ಯಾರಂಟಿ. ಉಪ್ಪನ್ನು ಮೊದಲೇ ಕಲಸಿಟ್ಟರೆ ಕೈಮಾ ಬಿಗಿದು ಸಾಸೇಜ್ ಥರ ಪುಟಿಯುತ್ತೆ, ಹಾಗಾಗಿ ತವಾಗೆ ಹಾಕುವ ಮುಂಚೆ ಮೇಲೆ ಉದುರಿಸಬೇಕು ಅಷ್ಟೇ. ಅಣ್ಣನ ಸ್ಮ್ಯಾಶ್ ಬರ್ಗರ್ ಚಪ್ಪಟೆ ಇರೋದಕ್ಕೂ ಕಾರಣ ಇದೆ. ಚೆನ್ನಾಗಿ ಕಾದ ತವಾ ಮೇಲೆ ಉಂಡೆ ಇಟ್ಟ ತಕ್ಷಣ ಬಲವಾಗಿ ಒತ್ತಬೇಕು, ಮಾಂಸದ ಮೈ ಪೂರ್ತಿ ತವಾಕ್ಕೆ ತಾಗಬೇಕು, ನೀರು ಆರಿ ಕಂದು ಬಣ್ಣ ಕಟ್ಟಬೇಕು. ರುಚಿ ಇರೋದು ಆ ಕಂದು ಬಣ್ಣದಲ್ಲಿ. ಒತ್ತೋದು ಮೊದಲ ಅರ್ಧ ನಿಮಿಷದಲ್ಲಿ ಮಾತ್ರ. ಬೇಯುತ್ತಾ ಬಂದ ಮೇಲೆ ಒತ್ತಿದರೆ ಇರೋ ರಸವೆಲ್ಲ ತವಾ ಪಾಲು. ನಾವು ತಿಂದ ಕಡೆ ಅಡುಗೆಯವನು ಸೌಟಿನಲ್ಲಿ ಕೊನೇವರೆಗೂ ಒತ್ತುತ್ತಲೇ ಇದ್ದ. ಓಪನ್ ಕಿಚನ್ ಅಂತೆ, ಕಣ್ಣಾರೆ ನೋಡಿ ಸಂಕಟಪಡಲಿ ಅಂತ ಇಟ್ಟಿದ್ದಾರೇನೋ.

ಇದೆಲ್ಲ ದೊಡ್ಡ ವಿದ್ಯೆ ಅಲ್ಲ. ಮಿಲಿಟರಿ ಹೋಟೆಲಿನ ಕೈಮಾ ಉಂಡೆ ತಿಂದು ಬೆಳೆದ ಊರು ಇದು. ಮಟನ್ ಕೈಮಾಗೆ ಹುರಿಗಡಲೆ ಪುಡಿ, ತೆಂಗಿನಕಾಯಿ, ಮಸಾಲೆ ಹಾಕಿ, ಒಡೆಯದ ಹಾಗೆ, ಗಟ್ಟಿಯೂ ಆಗದ ಹಾಗೆ ಉಂಡೆ ಕಟ್ಟುತ್ತಾರಲ್ಲ, ಅವರ ಕೈಗೆ ಒಂದು ಪ್ಯಾಟಿ ಕೊಟ್ಟು ನೋಡಿ. ಇದೇ ಭಾವ ಕೈಮಾ ಉಂಡೆ ಬಾಯಿಗಿಟ್ಟ ಕೂಡಲೇ "ಹುರಿಗಡಲೆ ಜಾಸ್ತಿ ಆಯ್ತು" ಅನ್ನುತ್ತಾರೆ. ಆ ನಾಲಿಗೆ ಬರ್ಗರ್ ಅಂಗಡಿಗೆ ಬರುವಾಗ ಮನೆಯಲ್ಲೇ ಉಳಿದುಬಿಡುತ್ತಾ?

ವೆಜ್ ಬರ್ಗರ್ ಬಗ್ಗೆ ಜಾಸ್ತಿ ಹೇಳಲ್ಲ, ಹೇಳಿದರೆ ಅಳು ಬರುತ್ತೆ. ಅತ್ತಿಗೆ ಶನಿವಾರ ಮಾಂಸ ಮುಟ್ಟಲ್ಲ. ಅವರಿಗೆ ಬಂದದ್ದು ಕರಿದ ಪನೀರ್ ತುಂಡು. ಉಪ್ಪಿಲ್ಲ, ಖಾರ ಇಲ್ಲ, ಬೆಲೆ ಮಾತ್ರ ಚಿಕನ್ನಿನಷ್ಟೇ. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದ ಮೆಕ್‌ಡೊನಾಲ್ಡ್ಸ್‌ಗೆ ಗೊತ್ತಿತ್ತು, ಈ ದೇಶದಲ್ಲಿ ದನದ ಮಾಂಸ ಬಿಟ್ಟೇ ಬರ್ಗರ್ ಮಾರಬೇಕು, ಸಸ್ಯಾಹಾರಿಗೂ ಒಂದು ಪ್ಯಾಟಿ ಯೋಚಿಸಬೇಕು ಅಂತ. ಆಲೂ ಟಿಕ್ಕಿ ಬಂದದ್ದು ಹಾಗೆ. ಇಲ್ಲಿಯ ದೊಡ್ಡ ದೊಡ್ಡ ಶೆಫ್‌ಗಳಿಗೆ ಪನೀರ್ ಆಚೆ ತಲೆ ಓಡಲ್ಲ.

"ಹಾಗಾದ್ರೆ ಮನೆಗೇ ತರಿಸೋಣ" ಅಂತ ತಮ್ಮ. ಅಯ್ಯೋ ಬೇಡ! ಬಿಸಿ ಬರ್ಗರನ್ನು ಡಬ್ಬಿಯಲ್ಲಿ ಮುಚ್ಚಿದರೆ ಅದರ ಹಬೆ ಅದರ ಮೇಲೇ ಕೂರುತ್ತೆ. ಹೇಗೋ ಸುಟ್ಟುಕೊಟ್ಟ ಬನ್ ಕೂಡ ಸಿಲ್ಕ್ ಬೋರ್ಡ್ ದಾಟೋ ಹೊತ್ತಿಗೆ ಒದ್ದೆ ಬಟ್ಟೆ. ಜೊತೆಗೆ ಬರೋ ಫ್ರೈಸ್ ಯಾರೂ ತಿನ್ನಲ್ಲ, ಆದರೂ ಪ್ರತಿ ಸಲ ದುಡ್ಡು ಕೊಡುತ್ತೇವೆ. ಮಳೆಯಲ್ಲಿ ನೆನೆದು ಬಂದ ಹುಡುಗನ ಮುಖ ನೋಡಿದರೆ ಕಂಪ್ಲೇಂಟ್ ಮಾಡೋಕೂ ಮನಸ್ಸು ಬರಲ್ಲ.

ನಾನು ಕೇಳುತ್ತಿರೋದು ದೊಡ್ಡದೇನಲ್ಲ. ಜಾಗದ ಹೆಸರು ಹೇಳುವ ಮುಂಚೆ ಬನ್ ಅಲ್ಲೇ ಮಾಡ್ತಾರಾ ತರಿಸ್ತಾರಾ, ಬೆಣ್ಣೆಯಲ್ಲಿ ಸುಡ್ತಾರಾ, ಪ್ಯಾಟಿ ಅವತ್ತೇ ಅರೆದದ್ದಾ ಫ್ರೀಜರಿಂದ ತೆಗೆದದ್ದಾ, ಒಂದು ಕೈಯಲ್ಲಿ ಹಿಡಿದು ತಿನ್ನೋಕೆ ಆಗುತ್ತಾ, ಇಷ್ಟು ಹೇಳಿ. ಆಮೇಲೆ ಬೇಕಾದಷ್ಟು ಕಿತ್ತಾಡೋಣ, ನಾನೂ ಬರುತ್ತೇನೆ.

ನಿನ್ನೆ ರಾತ್ರಿ ಕೊನೆಗೂ ತೀರ್ಮಾನ ಆಯಿತು. ಭಾನುವಾರ ಹೆಣ್ಣೂರಂತೆ. ಬನಶಂಕರಿಯಿಂದ ಹೆಣ್ಣೂರಿಗೆ, ಒಂದು ಬರ್ಗರಿಗೆ! ಯಾರು ತಿಂದಿದ್ದಾರೆ ಅಲ್ಲಿ ಅಂದರೆ ಯಾರೂ ಇಲ್ಲ, ಅಣ್ಣನ ಆಫೀಸಿನವರು ಯಾರೋ ಹೇಳಿದ್ದಂತೆ. "ಬನ್ ಹೇಗಿರುತ್ತೆ ಅಂತ ಕೇಳಿದ್ರಾ?" ಅಂದೆ.

"ಪಾರ್ಕಿಂಗ್ ಇದೆ" ಅಂದರು ಭಾವ.