ಸತ್ಯಾಂಶ: ಯಾವ ಚಾಕುವಿನಿಂದಾದರೂ ಕಟ್ಟಿಗೆ ಸೀಳಬಹುದಾ?

ಮಳೆಗಾಲದಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿಗೆ ಹೊರಡುವವರ ಗುಂಪುಗಳಲ್ಲಿ ಒಂದು ಮೆಸೇಜ್ ಮತ್ತೆ ಮತ್ತೆ ಬರುತ್ತದೆ: ಅಡುಗೆ ಚಾಕು ಇಟ್ಟು ಕಲ್ಲಿನಿಂದ ಹೊಡೆದರೆ ಎಂಥ ಕಟ್ಟಿಗೆಯೂ ಸೀಳುತ್ತದೆ, ಬೆಂಕಿ ರೆಡಿ.

ಅರ್ಧ ನಿಜ. ಒಣಮರದ ಕಟ್ಟಿಗೆ ಮೇಲೆ ನೆನೆದರೂ ಒಳಗೆ ಬಹಳ ಸಲ ಒಣಗಿಯೇ ಇರುತ್ತದೆ, ಸೀಳಿದರೆ ಆ ಒಣ ಭಾಗ ಸಿಗುತ್ತದೆ. ತಪ್ಪಿರುವುದು ಚಾಕುವಿನ ಮಾತಲ್ಲಿ. ಅಡುಗೆ ಚಾಕುವಿನ ಅಲಗು ತೆಳು. ಎಷ್ಟೋ ಚಾಕುಗಳಲ್ಲಿ ಉಕ್ಕು ಹಿಡಿಯ ಅರ್ಧಕ್ಕೇ ನಿಲ್ಲುತ್ತದೆ, ಪೆಟ್ಟು ಬಿದ್ದರೆ ಅಲ್ಲೇ ಮುರಿಯಬಹುದು. ನಮ್ಮ ಕಡೆ ಜಾಸ್ತಿ ಸಿಗೋದು ಜಾಲಿ: ಗಟ್ಟಿ, ಸೊಟ್ಟ, ಮೈಯೆಲ್ಲ ಗಂಟು. ಗಂಟಿಗೆ ಸಿಕ್ಕಿಕೊಂಡ ಅಲಗು ಸುಮ್ನೆ ಹೊರಗೆ ಬರಲ್ಲ. ಎಳೆದಾಗ ಕೈಗೇ ಪೆಟ್ಟು.

ಇದನ್ನು ಬಲ್ಲವರು ಹಿಡಿಯ ತುದಿವರೆಗೂ ಒಂದೇ ಉಕ್ಕಿರುವ ದಪ್ಪ ಚಾಕು ಹಿಡಿಯುತ್ತಾರೆ. ಕಲ್ಲಲ್ಲ, ಮರದ ತುಂಡಿನಿಂದ ಹೊಡೆಯುತ್ತಾರೆ. ಆರಿಸುವ ಕಟ್ಟಿಗೆಯ ದಪ್ಪವೂ ಅಲಗಿನ ಉದ್ದಕ್ಕಿಂತ ಕಡಿಮೆ, ಗಂಟೂ ಇರಲ್ಲ.

ನೀವೇ ಪರೀಕ್ಷಿಸಿ. ಹೀಗೆ ಕಟ್ಟಿಗೆ ಸೀಳುವ ವಿಡಿಯೋ ಬಂದರೆ, ಅದರಲ್ಲಿ ಕಟ್ಟಿಗೆ ಎಷ್ಟು ದಪ್ಪ? ನಡುವೆ ಎಡಿಟ್ ಮಾಡಿದ್ದಾರಾ? ಕೊನೆಗೆ ಚಾಕು ತೋರಿಸಿದರಾ? ಮನೆಯ ಚಾಕುವಿನ ಹಿಡಿಯ ಅಂಚು ನೋಡಿ, ಉಕ್ಕಿನ ಗೆರೆ ತುದಿವರೆಗೂ ಹೋಗಿದೆಯಾ? ದಿನಾ ಕೊಡಲಿ ಹಿಡಿಯುವವರನ್ನೂ ಒಂದು ಮಾತು ಕೇಳಿ.

ಕಾಯ್ದಿಟ್ಟ ಅರಣ್ಯದಲ್ಲಂತೂ ಅನುಮತಿ ಇಲ್ಲದೆ ಬೆಂಕಿ ಹಚ್ಚುವುದು ಕಾನೂನಿಗೆ ವಿರುದ್ಧ. ಹೊಲದ ಬದಿಯಲ್ಲಿ ಒಲೆ ಹೂಡುವುದಾದರೆ ಒಣ ತೊಗರಿ ಕಟ್ಟಿಗೆ ಇದೆ, ಅಲ್ವಾ? ಅದು ಕೈಯಲ್ಲೇ ಮುರಿಯುತ್ತದೆ.